ಸ್ಲೂಪಿಯ ಅಪ್ಪ ಏನು ಮಾಡುತ್ತಾರೆ?



ಅಕ್ಟೋಬರ್ ಬಂತೆಂದರೆ ಕೊಲಂಬಸ್ಸಿನಲ್ಲಿ ಶನಿವಾರಕ್ಕೆ ಬೇರೆ ಕೆಲಸವಿಲ್ಲ, ಫುಟ್‌ಬಾಲ್ ಒಂದೇ. ಆಟದ ನಾಲ್ಕನೆಯ ಕ್ವಾರ್ಟರ್ ಆರಂಭವಾಗುವ ಮುನ್ನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಂಡಿನವರು ‘ಹ್ಯಾಂಗ್ ಆನ್ ಸ್ಲೂಪಿ’ ನುಡಿಸುತ್ತಾರೆ. ಲಕ್ಷಕ್ಕೂ ಮಿಕ್ಕ ಜನ ಎದ್ದು ನಿಂತು, ಪಲ್ಲವಿಯ ನಡುವೆ ಸಿಗುವ ಖಾಲಿ ಜಾಗದಲ್ಲಿ ಓ, ಎಚ್, ಐ, ಓ ಎಂದು ಕೈಯಲ್ಲೇ ಅಕ್ಷರ ಬರೆದು ಕೂಗುತ್ತಾರೆ. ನಾವೂ ಕೂಗಿದ್ದೇವೆ. ಗಂಟಲು ಕಟ್ಟಿ ಸೋಮವಾರ ರೋಗಿಗಳ ಮುಂದೆ ಪಿಸುಮಾತಿನಲ್ಲೇ ದಿನ ಕಳೆದದ್ದೂ ಉಂಟು. ಇಪ್ಪತ್ತು ವರ್ಷ ಕೂಗಿದರೂ ಈ ಸ್ಲೂಪಿ ಯಾರು ಎಂದು ಮಾತ್ರ ಕೇಳಿದವರಲ್ಲ.

ಕಳೆದ ವರ್ಷ ಒಂದು ರಾತ್ರಿ ಊಟದ ಹೊತ್ತಿನಲ್ಲಿ ಮಗ ಒಬ್ಬಳು ಹುಡುಗಿಯ ವಿಷಯ ಎತ್ತಿದ. ನಮ್ಮ ಬಾಯಿಂದ ಹೊರಟ ಮೊದಲ ಮಾತು, “ಅವರ ತಂದೆ ಏನು ಮಾಡ್ತಾರೆ?” ನಮ್ಮ ಮನೆಯವರದು ಎರಡನೆಯದು, “ಮನೆ ಯಾವ ಕಡೆ?” ಮಗಳು ಮೊಸರನ್ನ ಕಲಸುವುದನ್ನು ಬಿಟ್ಟು ನಗತೊಡಗಿದಳು. “ಅಪ್ಪಾ, ಅಮ್ಮಾ, ನೀವಿಬ್ಬರೂ ಇಷ್ಟು ವರ್ಷ ಸ್ಟೇಡಿಯಮ್ಮಿನಲ್ಲಿ ಕುಣಿದಿರಲ್ಲ, ಆ ಹಾಡು ಇರೋದೇ ಈ ಪ್ರಶ್ನೆ ಬಗ್ಗೆ. ಒಂದ್ಸಲ ಕೂತು ಕೇಳಿ” ಎಂದಳು.

ಕೂತು ಕೇಳಿದೆವು. ಸ್ಲೂಪಿ ಊರಿನ ಕೆಟ್ಟ ಕೇರಿಯ ಹುಡುಗಿ. (ಕೇರಿ ಎಂದರೆ ಏನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.) ಕಂಡವರೆಲ್ಲ ಅವಳನ್ನು ಹಗುರವಾಗಿ ಕಾಣುವವರೇ. ಹಾಡುವ ಹುಡುಗನಿಗೆ ಅವಳ ಅಪ್ಪನ ಕಸುಬು ಕಟ್ಟಿಕೊಂಡು ಆಗಬೇಕಾದ್ದು ಏನೂ ಇಲ್ಲ. ಇಷ್ಟೇ ಕಥೆ. ಸ್ವರಗುಚ್ಛಗಳೂ ಮೂರೇ, ಗಿಟಾರ್ ಕಲಿಯುವ ಮಕ್ಕಳಿಗೆ ಮೊದಲ ತಿಂಗಳಲ್ಲೇ ಬರುವಂಥವು.

ಈ ಹಾಡು ಮೊದಲು ಒಹಾಯೊದ್ದೂ ಅಲ್ಲ, ಗಿಟಾರ್ ಹುಡುಗರದ್ದೂ ಅಲ್ಲ. ಬರ್ಟ್ ಬರ್ನ್ಸ್ ಮತ್ತು ವೆಸ್ ಫ್ಯಾರೆಲ್ ಸೇರಿ ರಚಿಸಿದ ಇದನ್ನು 1964ರಲ್ಲಿ ‘ಮೈ ಗರ್ಲ್ ಸ್ಲೂಪಿ’ ಎಂಬ ಹೆಸರಿನಲ್ಲಿ ಹಾಡಿದವರು ಲಾಸ್ ಏಂಜಲೀಸಿನ ವೈಬ್ರೇಷನ್ಸ್ ಎಂಬ ಕರಿಯ ಗಾಯಕರ ತಂಡ. ಅದು ಸೋಲ್ ಸಂಗೀತ. ಗೆಲುವು ಸೋಲಿನ ಸೋಲಲ್ಲ. ಚರ್ಚಿನಲ್ಲಿ ದೇವರನ್ನು ಕೂಗಿ ಕರೆದ ಕಂಠದಲ್ಲೇ ಲೋಕದ ಪ್ರೀತಿಯನ್ನೂ ಕರೆಯುವ ಬಗೆ. ತಾಳದಲ್ಲಿ ಕ್ಯೂಬಾ ಕಡೆಯ ಗಾಳಿ ಬೀಸುತ್ತದೆ. ಬರ್ನ್ಸ್ ಹರೆಯದಲ್ಲಿ ಅಲ್ಲಿಗೆ ಹೋಗಿಬಂದವನು. ಮುಖ್ಯ ಗಾಯಕ ಒಂದು ಮಾತು ಎಸೆದರೆ ಉಳಿದವರು ಎತ್ತಿಕೊಳ್ಳುತ್ತಾರೆ. ಹಾಡುವವನೂ ಅದೇ ಕೇರಿಯಲ್ಲಿ ನಿಂತು ಹಾಡುತ್ತಿದ್ದಾನೆ, ಸುತ್ತ ನೆರೆಹೊರೆಯವರು ಇದ್ದಾರೆ ಎಂದು ನಮಗನಿಸಿತು. ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 26ನೆಯ ಸ್ಥಾನಕ್ಕೆ ಬಂದು ನಿಂತಿತು.

ಮರುವರ್ಷ ನ್ಯೂಯಾರ್ಕಿನ ಮೂವರು ನಿರ್ಮಾಪಕರು ಸ್ಟ್ರೇಂಜ್‌ಲವ್ಸ್ ಎಂದು ಹೆಸರಿಟ್ಟುಕೊಂಡು, ತಾವು ಆಸ್ಟ್ರೇಲಿಯಾದ ಕುರಿ ಸಾಕುವ ಅಣ್ಣತಮ್ಮಂದಿರು ಎಂದು ಬುರುಡೆ ಬಿಟ್ಟು ಊರೂರು ತಿರುಗುತ್ತಿದ್ದರು. ಜೊತೆಗಿದ್ದ ಇಂಗ್ಲೆಂಡಿನ ಡೇವ್ ಕ್ಲಾರ್ಕ್ ಫೈವ್ ತಂಡದವರು ಇದೇ ಹಾಡನ್ನು ಮುದ್ರಿಸುವ ಯೋಚನೆಯಲ್ಲಿದ್ದಾರೆಂದು ತಿಳಿದು ಇವರಿಗೆ ಅವಸರವಾಯಿತು. ಆ ಹೊತ್ತಿಗೆ ನಮ್ಮ ಡೇಟನ್ನಿನಲ್ಲಿ ಕಣ್ಣಿಗೆ ಬಿದ್ದವರು ಇಂಡಿಯಾನಾ ಗಡಿಯ ಯೂನಿಯನ್ ಸಿಟಿಯ ಹುಡುಗರು. ಗಿಟಾರ್ ಹಿಡಿದ ರಿಕ್ ಜೆರಿಂಗರ್‌ಗೆ ಆಗಷ್ಟೇ 18 ತುಂಬುವುದರಲ್ಲಿತ್ತು, ಡ್ರಮ್ಮಿನ ಮುಂದೆ ಅವನ ತಮ್ಮ. (ರಿಕ್ ಮುಂದೆ ಡೆರಿಂಜರ್ ಎಂದು ಹೆಸರಾದ, 2025ರಲ್ಲಿ ತೀರಿಕೊಂಡ.) ಅವರಿಗೆ ಮೆಕಾಯ್ಸ್ ಎಂದು ನಾಮಕರಣವಾಯಿತು. ಹಾಡಿನ ಹೆಸರೂ ‘ಹ್ಯಾಂಗ್ ಆನ್ ಸ್ಲೂಪಿ’ ಎಂದಾಯಿತು. 1965ರ ಅಕ್ಟೋಬರ್ 2ರಂದು ಅದು ದೇಶಕ್ಕೇ ಮೊದಲ ಸ್ಥಾನ. ಮರುವಾರ ಬೀಟಲ್ಸರ ‘ಯೆಸ್ಟರ್ಡೇ’ ಬಂದು ಕೆಳಗಿಳಿಸಿತು.

ಇದನ್ನು ಗರಾಜ್ ರಾಕ್ ಎನ್ನುತ್ತಾರೆ. ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಹುಡುಗರು ಅಭ್ಯಾಸ ಮಾಡಿದಂತೆ ಒರಟು, ನೇರ. ವಾಸ್ತವದಲ್ಲಿ ಹಿಮ್ಮೇಳ ನ್ಯೂಯಾರ್ಕಿನಲ್ಲಿ ಮೊದಲೇ ಸಿದ್ಧವಾಗಿತ್ತು. ಹುಡುಗರು ಅದರ ಮೇಲೆ ಹಾಡಿದರು, ರಿಕ್ ಗಿಟಾರ್ ಸೇರಿಸಿದ. ಆದರೂ ಮೋಸವೆನಿಸುವುದಿಲ್ಲ. ತಾಳ ನೆಟ್ಟಗೆ, ಮೆರವಣಿಗೆಯ ಹೆಜ್ಜೆಯಂತೆ. ಮಧ್ಯದಲ್ಲಿ ದನಿ ತಗ್ಗಿಸಿ, ಮೆಲ್ಲಗೆ ಏರಿಸುತ್ತಾ ಕೊನೆಗೆ ಕಿರುಚಿಗೆ ತಲಪುವ ಭಾಗವಿದೆಯಲ್ಲ, ಅಲ್ಲಿ ರೋಮಾಂಚನವಾಗದವರ ನಾಡಿ ನೋಡಬೇಕು.

ದಾಸರ ಪದವನ್ನು ಭೀಮಸೇನ ಜೋಶಿಯವರು ಹಾಡಿದಾಗ ಮೂಲದ ಮಟ್ಟು ಯಾವುದೆಂದು ನಾವು ಜಗಳಕ್ಕೆ ಹೋಗುವುದಿಲ್ಲ. ಇಲ್ಲಿಯೂ ಹೋಗುವುದಿಲ್ಲ. ಆದರೆ ಎರಡು ಮಾತು ಹೇಳಲೇಬೇಕು. ಈ ದೇಶದಲ್ಲಿ ರೇಡಿಯೋದಲ್ಲಿ ಹಾಡು ಬಂದರೆ ಹಣ ಸಂದಾಯವಾಗುವುದು ರಚಿಸಿದವರಿಗೆ, ಹಾಡಿದವರಿಗಲ್ಲ. ಮೆಕಾಯ್ಸರ ತಟ್ಟೆಯನ್ನು ಹೊರತಂದ ಬ್ಯಾಂಗ್ ಕಂಪನಿಯಲ್ಲೂ ಬರ್ನ್ಸನದೇ ಪಾಲು. ಹೀಗಾಗಿ ಹೊಸ ಗೆಲುವಿನಿಂದ ಅವನಿಗೆ ಎರಡು ಕಡೆಯಿಂದ ಬಂತು. ಹಾಡಿಗೆ ಮೊದಲು ಜೀವ ಕೊಟ್ಟ ವೈಬ್ರೇಷನ್ಸ್‌ಗೆ ಆ ತಟ್ಟೆಯಿಂದ ಏನೂ ಬರಲಿಲ್ಲ. ಎರಡನೆಯದು ಹೆಸರು. ‘ನನ್ನ ಹುಡುಗಿ’ ಎಂದಾಗ ಹಾಡುವವನು ಊರೆದುರು ಒಪ್ಪಿಕೊಂಡಂತೆ. ‘ಹ್ಯಾಂಗ್ ಆನ್’ ಎಂದಾಗ ತಾಳಿಕೋ ಎನ್ನುವ ಬುದ್ಧಿವಾದ. ಅದನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಹೇಳಬಹುದು, ಸೋಲುತ್ತಿರುವ ಫುಟ್‌ಬಾಲ್ ತಂಡಕ್ಕೂ. ಸ್ಟೇಡಿಯಮ್ಮಿಗೆ ಹಾಡು ಒಗ್ಗಿದ್ದು ಇದರಿಂದಲೇ ಎಂದು ನಮ್ಮ ಎಣಿಕೆ. ಹುಡುಗಿ ಮಾಯವಾದದ್ದೂ ಇದರಿಂದಲೇ.

ಬರ್ನ್ಸನ ಬಗ್ಗೆ ವೈದ್ಯರಾಗಿ ಒಂದು ಮಾತು. ಅವನು 1929ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಹುಟ್ಟಿದವನು. ಬಾಲ್ಯದಲ್ಲೇ ರುಮ್ಯಾಟಿಕ್ ಜ್ವರ ಬಂದು ಹೃದಯ ಹಾಳಾಗಿತ್ತು; ಹೆಚ್ಚು ಕಾಲ ಬದುಕುವುದಿಲ್ಲವೆಂದು ವೈದ್ಯರು ಹೇಳಿಬಿಟ್ಟಿದ್ದರು. ಪೆನಿಸಿಲಿನ್ ಎಲ್ಲರ ಕೈಗೆ ಸಿಕ್ಕಿದ್ದು ಅವನ ಪಾಲಿಗೆ ತಡವಾಗಿ. ಊರಲ್ಲಿ ನಾವು ಎಂಬಿಬಿಎಸ್ ಓದುವಾಗ ವಾರ್ಡಿನಲ್ಲಿ ಇಂಥ ಮಕ್ಕಳನ್ನು ಕಾಣದ ವಾರವಿರಲಿಲ್ಲ. ಮೊದಲು ಗಂಟಲು ನೋವು, ಆಮೇಲೆ ಕೀಲು ಬಾವು, ಕೆಲವು ವರ್ಷ ಕಳೆದು ಹತ್ತು ಮೆಟ್ಟಿಲಿಗೆ ಏದುಸಿರು. ಈ ಜ್ವರ ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂದು ನಮ್ಮ ಮೇಷ್ಟರು ಹೇಳಿಕೊಟ್ಟಿದ್ದರು. ಬಹುಪಾಲು ಮಕ್ಕಳು ಕೇರಿಗಳಿಂದಲೇ ಬಂದವರು; ಒಂದೇ ಕೋಣೆಯಲ್ಲಿ ಏಳೆಂಟು ಜನ ಮಲಗುವ ಮನೆಗಳಲ್ಲಿ ಗಂಟಲ ಸೋಂಕು ಬೇಗ ಹರಡುತ್ತದೆ. ಕೇಸ್ ಶೀಟಿನಲ್ಲಿ ‘ತಂದೆಯ ಉದ್ಯೋಗ’ ಎಂಬ ಕಾಲಂ ಇತ್ತು. ನಾವು ‘ಕೂಲಿ’ ಎಂದು ತುಂಬಿ ಮುಂದಕ್ಕೆ ಹೋಗುತ್ತಿದ್ದೆವು. ಬರ್ನ್ಸ್ 1967ರ ಡಿಸೆಂಬರ್ 30ರಂದು, 38ನೆಯ ವಯಸ್ಸಿಗೆ, ಹೃದಯ ಸೋತು ತೀರಿಕೊಂಡ. ‘ಪೀಸ್ ಆಫ್ ಮೈ ಹಾರ್ಟ್’ ಹಾಡನ್ನು ಜೆರ್ರಿ ರಾಗವೊಯ್ ಜೊತೆ ರಚಿಸಿದವನೂ ಅವನೇ. ಇದು ತಿಳಿದ ಮೇಲೆ ‘ತಾಳಿಕೋ’ ಎನ್ನುವ ಕೂಗು ನಮ್ಮ ಕಿವಿಗೆ ಬೇರೆಯಾಗಿಯೇ ಬೀಳುತ್ತದೆ. ಇದು ವಿಮರ್ಶೆಯಲ್ಲ, ವೃತ್ತಿದೋಷ ಎಂದು ಓದುಗರು ಕ್ಷಮಿಸಬೇಕು.

ಸ್ಲೂಪಿ ಎಂಬವಳು ನಮ್ಮ ರಾಜ್ಯದ ಸ್ಟೂಬನ್‌ವಿಲ್‌ನ ಡೊರೋಥಿ ಸ್ಲೂಪ್ ಎಂಬ ಜಾಜ್ ಗಾಯಕಿಯೇ ಎಂದು ಹೇಳುವುದುಂಟು, ನಂಬುವವರು ನಂಬಲಿ. 1985ರಲ್ಲಿ ಒಹಾಯೊ ಶಾಸನಸಭೆ ಇದನ್ನು ರಾಜ್ಯದ ಅಧಿಕೃತ ರಾಕ್ ಗೀತೆಯೆಂದು ಠರಾವು ಮಾಡಿತು. ಠರಾವಿನಲ್ಲಿ ತಮಾಷೆಯೇ ಹೆಚ್ಚು. ಕೆಟ್ಟ ಕೇರಿಯ ಹುಡುಗಿಯ ಹಾಡನ್ನು ಒಂದು ಸರ್ಕಾರ ತನ್ನದೆಂದು ಒಪ್ಪಿಕೊಂಡದ್ದು ಆ ನಗೆಯಲ್ಲಿ ಮುಚ್ಚಿಹೋಯಿತು.

ನಮ್ಮ ತೀರ್ಪು ಕೇಳಿದರೆ, ಕುಣಿಯಲು ಮೆಕಾಯ್ಸ್, ಕೇಳಲು ವೈಬ್ರೇಷನ್ಸ್. ಮಗನ ಗೆಳತಿ ಡಿಸೆಂಬರಿನಲ್ಲಿ ಮನೆಗೆ ಬಂದಿದ್ದಳು. ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡಳು. ಅವಳ ಅಪ್ಪ ಏನು ಮಾಡುತ್ತಾರೆಂದು ನಾವು ಕೇಳಲಿಲ್ಲ. ಅವಳೇ ಹೇಳಿದಳು, ಟ್ರಕ್ ಓಡಿಸುತ್ತಾರಂತೆ. ನಮ್ಮ ಮನೆಯವರು ಒಂದು ಗಳಿಗೆ ಸುಮ್ಮನಿದ್ದು, ಈ ಹಿಮದಲ್ಲಿ ರಾತ್ರಿ ಹೊತ್ತು ಓಡಿಸಬೇಕಾಗುತ್ತದೆಯೇ ಎಂದು ವಿಚಾರಿಸಿದರು.

ಯುಗಾದಿ ಕಾರ್ಯಕ್ರಮದ ದಿನ ಊಟಕ್ಕೆ ಮೊದಲು ಎರಡೂ ಧ್ವನಿಮುದ್ರಣಗಳನ್ನು ಹಾಕಲು ಸಮಿತಿಯವರು ಹತ್ತು ನಿಮಿಷ ಕೊಟ್ಟಿದ್ದಾರೆ. ಮೊದಲು ವೈಬ್ರೇಷನ್ಸ್. ಕೈಯೆತ್ತಿ ಅಕ್ಷರ ಬರೆಯುವವರು ಎರಡನೆಯದಕ್ಕೆ ಕಾಯಬೇಕು.