‘ಟೀಮ್ ಫೋರ್ಟ್ರೆಸ್’: ಒಂದು ಮಾರ್ಪಾಟಿನ ಕರ್ತೃತ್ವ ವಿಚಾರ

ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ‘ಪ್ರಕ್ಷೇಪ’ವೆಂಬ ಶಬ್ದವು ಸಾಮಾನ್ಯವಾಗಿ ದೋಷವಾಚಕವೇ. ಮೂಲಕವಿಯು ಬರೆಯದ ಪದ್ಯವನ್ನು ಲಿಪಿಕಾರನೋ ಓದುಗನೋ ಓಲೆಗೆ ಸೇರಿಸಿದ್ದರೆ ಸಂಪಾದಕನು ಅದನ್ನು ಅಡಿಟಿಪ್ಪಣಿಗೆ ಇಳಿಸುತ್ತಾನೆ. ಆದರೆ ಸೇರಿಸಿದವನು ಮೂಲವನ್ನು ಹಿಗ್ಗಿಸಲು ಹೋಗದೆ, ಅದರ ನಾಯಕನನ್ನೇ ಒಡೆದು, ಆ ಹೋಳುಗಳಿಂದ ಬೇರೊಂದನ್ನು ಕಟ್ಟಿದ್ದರೆ ಅವನನ್ನು ಏನೆಂದು ಕರೆಯಬೇಕು? ಗಣಕಯಂತ್ರದ ಆಟವೊಂದನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಂತಹ ವಸ್ತು ಈ ಸಂಚಿಕೆಗೆ ತಕ್ಕುದಲ್ಲವೆಂದು ಕೆಲವರಿಗೆ ಅನ್ನಿಸೀತು. ಆಟದ ಮಾತು ಬಂದೊಡನೆ ವಿದ್ವಾಂಸರು ಮುಖ ತಿರುಗಿಸುವುದು ಹೊಸದೇನಲ್ಲ. ಬಯಲಾಟಕ್ಕೂ ಒಂದು ಕಾಲದಲ್ಲಿ ಇದೇ ಗತಿಯಾಗಿತ್ತು.

ಮೂಲಕೃತಿಯ ಹೆಸರು ‘ಕ್ವೇಕ್’. ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಸಂಸ್ಥೆಯು 1996ರ ಜೂನ್ ತಿಂಗಳಲ್ಲಿ ಇದನ್ನು ಹೊರತಂದಿತು. ಇದರ ವೀರನು ಒಬ್ಬನೇ. ಕೊಡಲಿಯಿಂದ ಮೊದಲ್ಗೊಂಡು ಸಿಡಿಲಿನ ಬಂದೂಕದವರೆಗೆ ಎಂಟು ಆಯುಧಗಳನ್ನೂ ಆತನೊಬ್ಬನೇ ಹೊರಬಲ್ಲನು. ಹಲವರು ಕೂಡಿ ಆಡಿದಾಗಲೂ ಪ್ರತಿಯೊಬ್ಬನೂ ಇದೇ ವೀರನ ಪ್ರತಿರೂಪ. ಆಟದ ನಿಯಮಗಳನ್ನು ‘ಕ್ವೇಕ್‌ಸಿ’ ಎಂಬ ಪ್ರತ್ಯೇಕ ಭಾಷೆಯಲ್ಲಿ ಬರೆದು ಆ ಬರೆಹವನ್ನು ಎಲ್ಲರಿಗೂ ತೆರೆದಿಟ್ಟುದು ಸಂಸ್ಥೆಯ ಔದಾರ್ಯ. ಅದನ್ನು ಬಳಸಿಕೊಂಡು ಆಸ್ಟ್ರೇಲಿಯದ ರಾಬಿನ್ ವಾಕರ್, ಜಾನ್ ಕುಕ್, ಇಯಾನ್ ಕಾಫ್ಲಿ ಎಂಬ ಮೂವರು ತರುಣರು ಅದೇ ವರ್ಷದ ಆಗಸ್ಟ್‌ನಲ್ಲಿ ‘ಟೀಮ್ ಫೋರ್ಟ್ರೆಸ್’ ಎಂಬ ಮಾರ್ಪಾಟನ್ನು ಹಂಚಿದರು. ಆಟಗಾರರು ಇಂತಹವನ್ನು ‘ಮಾಡ್’ ಎನ್ನುತ್ತಾರೆ. ಮೊದಲು ಐದಿದ್ದ ಪಾತ್ರವರ್ಗಗಳು ಬಳಿಕ ಒಂಬತ್ತಾದುವು: ಸ್ಕೌಟ್, ಸ್ನೈಪರ್, ಸೋಲ್ಜರ್, ಡೆಮೋಮನ್, ಮೆಡಿಕ್, ಹೆವಿ, ಪೈರೋ, ಸ್ಪೈ, ಎಂಜಿನಿಯರ್.

ಈ ಮೂವರು ಮೂಲಕ್ಕೆ ಸೇರಿಸಿದುದು ಬಹಳವೆಂದು ಮೇಲುನೋಟಕ್ಕೆ ಕಾಣುತ್ತದೆ. ಪರಿಶೀಲಿಸಿದರೆ ಕಳೆದುದೇ ಹೆಚ್ಚು. ಸ್ಕೌಟ್ ಎಲ್ಲರಿಗಿಂತ ವೇಗಿ. ಆದರೆ ಅವನ ಪ್ರಾಣಬಲ 75, ಕವಚ 50. ಹೆವಿಗೆ ಪ್ರಾಣಬಲ 100, ಕವಚ 300. ಆದರೆ ಅವನ ನಡಿಗೆ ಭಾರ ಹೊತ್ತವನ ನಡಿಗೆ. ಎಂಜಿನಿಯರ್ ತಾನಾಗಿ ಗುರಿಯಿಟ್ಟು ಹೊಡೆಯುವ ತೋಪನ್ನು ಕಟ್ಟಬಲ್ಲನು. ಅದನ್ನು ಬಿಟ್ಟು ಹೊರಟನೆಂದರೆ ದುರ್ಬಲ. ಎದುರಾಳಿಯ ಉಡುಪು ತೊಟ್ಟು ಒಳನುಗ್ಗುವ ಸ್ಪೈ, ಸತ್ತಂತೆ ನಟಿಸಿ ಬಿದ್ದಿರಲೂ ಬಲ್ಲ. ಬಯಲಲ್ಲಿ ಎದುರು ನಿಂತು ಕಾದಲಾರ. ಒಬ್ಬನಲ್ಲಿದ್ದ ಪೂರ್ಣತೆಯನ್ನು ಒಂಬತ್ತು ಜನರಿಗೆ ಹಂಚಿ, ಹಂಚುವಾಗ ಪ್ರತಿಯೊಬ್ಬನಿಗೂ ಒಂದೊಂದು ಕೊರತೆಯನ್ನು ಕೊಟ್ಟಿದ್ದಾರೆ. ಈ ಕೊರತೆಗಳ ಲೆಕ್ಕಾಚಾರವೇ ಇವರ ಕರ್ತೃತ್ವವೆಂದು ನನ್ನ ಅಭಿಪ್ರಾಯ. ಆದುದರಿಂದ ಇದನ್ನು ಪ್ರಕ್ಷೇಪವೆನ್ನಲಾಗದು.

ಕೃತಿಯನ್ನು ಓದದೆ ವಿಮರ್ಶೆ ಮಾಡುವುದು ಸಲ್ಲದಷ್ಟೆ. ಕಲಬುರಗಿಯಲ್ಲಿ ಊರವರು ‘ಅಪ್ಪನ ಗುಡಿ’ ಎಂದು ಕರೆಯುವ ಶರಣಬಸವೇಶ್ವರ ದೇವಸ್ಥಾನದ ಸಮೀಪ, ವಿದ್ಯಾರ್ಥಿಗಳು ಬಾಡಿಗೆಗೆ ಹಿಡಿದಿದ್ದ ಕೋಣೆಯೊಂದರಲ್ಲಿ ಆರು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಇದನ್ನು ಸ್ಥಾಪಿಸಿದೆವು. ಸ್ಥಾಪನೆಯ ಕ್ರಮವೂ ನಮ್ಮ ವಿಚಾರಕ್ಕೆ ಸೇರಿದುದೇ. ‘ಕ್ವೇಕ್’ ಆಟವನ್ನು ನಡೆಸುವ ಯಂತ್ರಭಾಗದ ಬರೆಹವನ್ನು ಸಂಸ್ಥೆಯು 1999ರ ಡಿಸೆಂಬರ್‌ನಲ್ಲಿ ಮುಕ್ತಗೊಳಿಸಿತು; ಚಿತ್ರ, ಧ್ವನಿ ಮೊದಲಾದುವು ಮಾತ್ರ ಮುಕ್ತವಲ್ಲ. ಹೀಗಾಗಿ ಕ್ರಯಕ್ಕೆ ಪಡೆದ ಮೂಲಪ್ರತಿಯು ಕೈಯಲ್ಲಿರದೆ ಮಾರ್ಪಾಟು ಏಳುವುದಿಲ್ಲ. ‘ಕ್ವೇಕ್’ ಇರುವ ಕಡತಕೋಶದೊಳಗೆ ‘ಫೋರ್ಟ್ರೆಸ್’ ಎಂಬ ಹೆಸರಿನ ಇನ್ನೊಂದು ಕೋಶವನ್ನು ಮಾಡಿ, ಕಡತಗಳನ್ನು ಅದರಲ್ಲಿಟ್ಟು, ಆಟವನ್ನು ತೆರೆಯುವ ಆಜ್ಞೆಯಲ್ಲಿ ಆ ಕೋಶವನ್ನು ಹೆಸರಿಸಬೇಕು. ಮೂಲದ ಒಂದಕ್ಷರವನ್ನೂ ಅಳಿಸಬೇಕಾಗಿಲ್ಲ. ಆಜ್ಞೆಯನ್ನು ಬಿಟ್ಟರೆ ಹಳೆಯ ಆಟವು ಇದ್ದಂತೆಯೇ ಇರುತ್ತದೆ. ನಮ್ಮ ಯಂತ್ರಗಳು ಲಿನಕ್ಸ್ ವ್ಯವಸ್ಥೆಯವು. ಅಲ್ಲಿ ರೋಮನ್ ಲಿಪಿಯ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಕೋಶದ ಹೆಸರಿನ ಮೊದಲಕ್ಷರವನ್ನು ನಾನು ದೊಡ್ಡದಾಗಿ ಬರೆದುದರಿಂದ ಒಂದು ಸಂಜೆಯೆಲ್ಲ ವ್ಯರ್ಥವಾಯಿತು. ಓಲೆಗರಿಯ ಒಂದು ಅಕ್ಷರದೋಷಕ್ಕಾಗಿ ವಾರಗಟ್ಟಲೆ ತಲೆ ಕೆಡಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನಿಯಮಗಳ ಬರೆಹವು ಆಟವನ್ನು ನಡೆಸಿಕೊಡುವ ‘ಸರ್ವರ್’ ಯಂತ್ರವೊಂದರಲ್ಲಿ ಮಾತ್ರ ಕೆಲಸ ಮಾಡುತ್ತದೆ. ಉಳಿದವರ ಯಂತ್ರಗಳಲ್ಲಿರುವುದು ಕಾಣುವ ರೂಪ, ಕೇಳುವ ಸದ್ದು ಅಷ್ಟೆ. ಬಯಲಾಟದಲ್ಲಿ ಪ್ರಸಂಗವೆಲ್ಲವೂ ಭಾಗವತನ ಬಳಿಯಿದ್ದು, ವೇಷಗಳು ಅವನು ಎತ್ತಿಕೊಟ್ಟಂತೆ ಕುಣಿಯುವ ಕ್ರಮವನ್ನು ಇದು ನೆನಪಿಗೆ ತರುತ್ತದೆ.

ಕಾಳಗದ ನೆಲೆಗಳಲ್ಲಿ ಹೆಸರಾದುದು ‘ಟೂಫೋರ್ಟ್’. ಎದುರುಬದುರಾದ ಎರಡು ಕೋಟೆಗಳು, ನಡುವೆ ನೀರು, ಮೇಲೊಂದು ಸೇತುವೆ. ಎದುರಾಳಿಯ ನೆಲಮಾಳಿಗೆಯಲ್ಲಿರುವ ಧ್ವಜವನ್ನು ತಂದು ತಮ್ಮ ಕೋಟೆಗೆ ಸೇರಿಸಿದ ಪಕ್ಷಕ್ಕೆ ಅಂಕ ದೊರೆಯುತ್ತದೆ. ಮೊದಲ ಸಂಜೆ ನಮ್ಮ ಪಕ್ಷದ ಮೂವರೂ ಸ್ನೈಪರ್‌ಗಳಾದೆವು. ಗೋಡೆಯ ಮೇಲೆ ನಿಂತು ದೂರಕ್ಕೆ ಗುರಿಯಿಟ್ಟು ಹಲವರನ್ನು ಕೆಡವಿದೆವು. ಅಷ್ಟರಲ್ಲಿ ಎದುರಾಳಿಗಳ ಸ್ಕೌಟ್ ಒಬ್ಬನು ನೀರಿನೊಳಗಿನ ದಾರಿಯಿಂದ ಬಂದು ನಾಲ್ಕು ಬಾರಿ ಧ್ವಜವನ್ನು ಒಯ್ದಿದ್ದನು. ನಾವು ಗೆಲ್ಲುತ್ತಿದ್ದೇವೆಂದೇ ತಿಳಿದಿದ್ದೆವು.

ಅದು ಹೋಳಿಯ ತರುವಾಯದ ಜಾತ್ರೆಯ ಕಾಲ. ಅಪ್ಪನ ತೇರನ್ನು ಎಳೆಯುವಾಗ ಹಗ್ಗ ಹಿಡಿದವರು ಸಾವಿರಾರು. ಗಾಲಿಯ ಬಳಿ ಮರದ ತಡೆ ಹಿಡಿದು ನಡೆಯುವವರು ಕೆಲವರೇ. ತೇರಿನ ದಿಕ್ಕನ್ನು ತಿದ್ದುವವರೂ ತಡೆಯುವವರೂ ಅವರು. ನೆರೆದವರ ಕಣ್ಣು ಕಳಸದ ಮೇಲಿರುತ್ತದೆ. ಗಾಲಿಯ ಬುಡದಲ್ಲಿ ಬಗ್ಗಿರುವವನನ್ನು ನೋಡುವವರು ವಿರಳ. ನಮ್ಮ ಆರು ಮಂದಿಯಲ್ಲಿ ಮೆಡಿಕ್ ಆಗಲು ಮೂರು ಸಂಜೆ ಯಾರೂ ಒಪ್ಪಲಿಲ್ಲ. ನಾಲ್ಕನೆಯ ಸಂಜೆ ಒಪ್ಪಿದವನು ತೇರಿಗೆ ತಡೆ ಹಿಡಿಯುವವರ ಮನೆಯ ಹುಡುಗನು. ಇದರಿಂದ ಸಿದ್ಧಾಂತವನ್ನೇನೂ ಹೊರಡಿಸಲಾರೆ, ಕಂಡುದನ್ನು ಹೇಳಿದೆ.

ಮೆಡಿಕ್ ಪಾತ್ರದ ರಚನೆಯಲ್ಲಿಯೇ ಈ ಕೃತಿಯ ಸೂಕ್ಷ್ಮತೆ ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬರುತ್ತದೆ. ತನ್ನವರ ಗಾಯವನ್ನು ಮಾಯಿಸುವ ಅದೇ ಪೆಟ್ಟಿಗೆಯಿಂದ ಅವನು ಎದುರಾಳಿಗೆ ಸೋಂಕನ್ನು ತಗುಲಿಸಬಲ್ಲನು. ಸೋಂಕಿದವನು ತನ್ನವರ ಹತ್ತಿರ ಹೋದರೆ ಅವರಿಗೂ ಹರಡುತ್ತದೆ. ಬಿಡಿಸಬೇಕಾದರೆ ಆ ಪಕ್ಷದ ಮೆಡಿಕ್ಕೇ ಬೇಕು. ಹೀಗಾಗಿ ಗಾಯಗೊಂಡವನು ತನ್ನ ಕೋಟೆಗೆ ಓಡುವುದೋ ದೂರವೇ ಉಳಿಯುವುದೋ ಎಂಬ ಸಂಕಟಕ್ಕೆ ಒಳಗಾಗುತ್ತಾನೆ. ಗುಂಡಿನ ಆಟವೊಂದು ಆಟಗಾರನನ್ನು ಇಂತಹ ವಿವೇಚನೆಗೆ ಎಳೆಯುವುದು ಅಪೂರ್ವ. ವಾಕರ್ ಮತ್ತು ಕುಕ್ ಮುಂದೆ ವಾಲ್ವ್ ಸಂಸ್ಥೆಯನ್ನು ಸೇರಿದರು. 1999ರಲ್ಲಿ ‘ಹಾಫ್‌ಲೈಫ್’ ಆಟಕ್ಕೆ ಹೊಂದಿಸಿ ಹೊರಬಂದ ‘ಟೀಮ್ ಫೋರ್ಟ್ರೆಸ್ ಕ್ಲಾಸಿಕ್’ನಲ್ಲಿ ಸೋಂಕು ಉಳಿದುಕೊಂಡಿತು. 2007ರ ‘ಟೀಮ್ ಫೋರ್ಟ್ರೆಸ್ 2’ರಲ್ಲಿ ಅದನ್ನು ಕೈಬಿಟ್ಟರು, ಅಲ್ಲಿಯ ಮೆಡಿಕ್ ಒಬ್ಬನ ಬೆನ್ನಿಗೆ ನಿಂತು ಕಿರಣವನ್ನು ಹರಿಸುತ್ತಾ, ಶಕ್ತಿ ತುಂಬಿದಾಗ ತನ್ನನ್ನೂ ಅವನನ್ನೂ ಕೆಲ ಕ್ಷಣ ಅಭೇದ್ಯರನ್ನಾಗಿ ಮಾಡುತ್ತಾನೆ. ಪಾತ್ರವು ಇದರಿಂದ ಹೆಚ್ಚು ಸ್ಪಷ್ಟವೂ ಜನಪ್ರಿಯವೂ ಆಯಿತೆಂಬುದನ್ನು ಒಪ್ಪಬೇಕು. ಆದರೂ ವೈದ್ಯನ ಕೈಯಲ್ಲಿರುವ ಅಧಿಕಾರದ ಎರಡು ಮುಖಗಳನ್ನು ಒಂದೇ ಪೆಟ್ಟಿಗೆಯಲ್ಲಿ ತೋರಿಸಿದ ಹಳೆಯ ಪಾಠವೇ ಗ್ರಾಹ್ಯವೆಂದು ನಾನು ತಿಳಿಯುತ್ತೇನೆ.

ದೋಷಗಳು ಇಲ್ಲವೆಂದಲ್ಲ. ಸ್ನೈಪರ್ ಪಾತ್ರವು ಇಡೀ ಕೃತಿಯ ತತ್ತ್ವಕ್ಕೆ ವಿರುದ್ಧವಾದುದು: ಅವನಿಗೆ ಜೊತೆಗಾರರು ಬೇಕಿಲ್ಲ; ಹಳೆಯ ಒಂಟಿ ವೀರನು ಈ ವೇಷದಲ್ಲಿ ಮತ್ತೆ ಒಳಸೇರಿದ್ದಾನೆ. ಕೋಟೆಗಳಿಗೂ ಇತಿಹಾಸವೆಂಬುದಿಲ್ಲ. ಅಪ್ಪನ ಕೆರೆಯಿಂದ ಬಹುದೂರವಿಲ್ಲದ ನಮ್ಮ ಬಹಮನಿ ಕೋಟೆಯಲ್ಲಿ 1367ರ ಮಸೀದಿಯಿದೆ, ಸುತ್ತಲೂ ಅಗಳಿದೆ. ಒಂದೊಂದು ಕಲ್ಲಿಗೂ ಒಂದು ಕಾರಣವಿದೆ. ಆಟದ ಕೋಟೆಯ ಗೋಡೆ ಏಕಿದೆಯೆಂದರೆ ಸ್ನೈಪರ್ ನಿಲ್ಲುವುದಕ್ಕಾಗಿ ಇದೆ.

ಕಡತಗಳು ಉಳಿದಿವೆ; ಅವನ್ನು ಪಡೆಯುವುದು ಕಷ್ಟವಲ್ಲ. ಆದರೆ ಐದನೆಯ ಸಂಜೆ ನಮ್ಮ ಕೋಣೆಗೆ ಇಬ್ಬರೇ ಬಂದೆವು, ಉಳಿದವರಿಗೆ ಪರೀಕ್ಷೆ. ಪಕ್ಷಕ್ಕೊಬ್ಬರಂತೆ ಆಡಿ ನೋಡಿದೆವು. ನಾನು ಮೆಡಿಕ್ ಆದೆನು. ಮಾಯಿಸಬೇಕಾದ ಗಾಯವಿರಲಿಲ್ಲ, ಎದುರಾಳಿಗೆ ಸೋಂಕು ತಗುಲಿಸಿದರೆ ಅದು ಹರಡಲು ಅವನ ಕಡೆಯೂ ಯಾರಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಸ್ನೈಪರ್ ಪಾತ್ರವನ್ನು ಆರಿಸಿಕೊಂಡನು; ನಾನೂ ಅದನ್ನೇ ಆರಿಸಿಕೊಂಡೆನು.