ಸೋಲುವ ಹಕ್ಕು ಯಾರಿಗಿದೆ?

ಗದಗ ತಾಲೂಕಿನ ಅಂತೂರ-ಬೆಂತೂರಿನಂಥ ಊರಿನ ಕೇರಿಯಲ್ಲಿ ನಿಂತು ನೋಡಿದರೆ ಬೆಂಗಳೂರಿನ ಅಕಾಡೆಮಿಗಳು ಹೇಗೆ ಕಾಣುತ್ತವೆ? ನಮ್ಮ ವಿಮರ್ಶೆ ಈ ಪ್ರಶ್ನೆ ಕೇಳಿಕೊಂಡದ್ದು ಕಡಿಮೆ. ಕೃತಿಯೊಳಗಿನ ಜಾತಿಯನ್ನು ಹುಡುಕುವುದರಲ್ಲಿ ನಾವು ಪಳಗಿದ್ದೇವೆ. ಕೃತಿ ಹುಟ್ಟುವ ಮೊದಲೇ ಅದಕ್ಕೆ ರೊಕ್ಕ ಕೊಡುವ, ಕೊಡದೆ ಇರುವ ಕೈಯನ್ನು ಮಾತ್ರ ಆಡಳಿತದ ವಿಷಯವೆಂದು ಬಿಟ್ಟಿದ್ದೇವೆ.

ಕೇಂದ್ರದ ಸಂಗೀತ ನಾಟಕ ಅಕಾಡೆಮಿ 1953ರಲ್ಲಿ, ಸಾಹಿತ್ಯ ಅಕಾಡೆಮಿ 1954ರಲ್ಲಿ ಶುರುವಾದವು. ಅರಮನೆ ಹೋಗಿ ಪ್ರಜೆಯ ತೆರಿಗೆಯೇ ಕಲೆಗೆ ಆಶ್ರಯವಾದದ್ದು ಸಣ್ಣ ಮಾತಲ್ಲ. ಆದರೆ ಆಶ್ರಯದಾತ ಬದಲಾದರೂ ಅವನ ಗತ್ತು ಬದಲಾಯಿತೆ? 1979ರ ಧರ್ಮಸ್ಥಳ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಕೇಳಿದರೆ ಸಿಗಲಿಲ್ಲ. ಅದೇ ವರ್ಷ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂದಾಗ ಅದರ ಭಾಷೆ ತಿಳಿಯುವುದಿಲ್ಲ ಎಂಬ ದೂರು ಎದ್ದಿತು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1990ರಲ್ಲಿ. ಅಂದರೆ ಗಂಡಾಂತರ ಲೇಖಕನದು, ಶಾಲು ಹೊದಿಸುವ ಸಂಭ್ರಮ ಸಂಸ್ಥೆಯದು.

ಸರಕಾರದ ದುಡ್ಡು ಸಾಹಸವನ್ನೇ ಮಾಡಿಲ್ಲವೆ? ಮಾಡಿದೆ. 2010ರಲ್ಲಿ ಮೈಸೂರಿನ ರಂಗಾಯಣ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಇಡೀ ರಾತ್ರಿಯ ನಾಟಕ ಮಾಡಿತು. ಜನ ಬೆಳತನಕ ಕೂತು ನೋಡಿದರು. ಅದೇ ವರ್ಷ ಗದಗಿನಲ್ಲಿ ಗೀತಾ ನಾಗಭೂಷಣ ಅವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ವೇದಿಕೆ ಬದಲಾಗುತ್ತದೆ, ಸುಳ್ಳಲ್ಲ. ಆದರೆ ಹೆಸರಾದ ಕೃತಿ, ಹೆಸರಾದ ಸಂಸ್ಥೆ ಕೂಡಿದಾಗಿನ ಸಾಹಸ ಬೇರೆ, ಹೆಸರಿಲ್ಲದವನ ಸಾಹಸ ಬೇರೆ.

ಹಲಗಿಯನ್ನೇ ತಗೊಳ್ರಿ. ಹೆಣದ ಮುಂದೆ, ದೇವರ ಮುಂದೆ ಬಾರಿಸುವುದು ಕೇರಿಯ ಬಿಟ್ಟಿ ಚಾಕರಿಯಾಗಿತ್ತು. ‘ಇನ್ನ ಬಾರ್ಸೂದಿಲ್ಲ’ ಅಂದವರು ಊರಿನ ಬಹಿಷ್ಕಾರ ಉಂಡರು. ಆ ನಿರಾಕರಣೆಯೇ ನಮ್ಮ ಮೊದಲ ಸೃಜನಶೀಲ ಸಾಹಸ. ಅದಕ್ಕೆ ಯಾವ ಧನಸಹಾಯವೂ ಇರಲಿಲ್ಲ. ಈಗ ಅದೇ ಹಲಗಿಯನ್ನು ಜಾನಪದವೆಂದು ಕರೆದು ಉತ್ಸವದ ಮೆರವಣಿಗೆಗೆ ಕರೀತಾರ. ಕೂಲಿ ಸಿಗುತ್ತದೆ, ಒಳ್ಳೆಯದೇ. ಆದರೆ ಹಳೆಯದನ್ನು ಹಾಗೇ ಉಳಿಸಿದರೆ ಅಷ್ಟ ರೊಕ್ಕ ಎಂದರೆ, ಉಳಿಯುವುದು ಕಲೆಯೊ, ಚಾಕರಿಯೊ?

ಕೇರಿಯ ಹುಡುಗಿಯೊಬ್ಬಳು ಹಲಗಿಯ ಪೆಟ್ಟಿಗೆ ತನ್ನ ಅವ್ವನ ಹೊಲದ ಮಾತು ಕೂಡಿಸಿ ಹೊಸದೇನೋ ಕಟ್ಟಲು ಹೊರಟಳು ಅನ್ನೋಣ. ಅವಳಿಗೆ ನೋಂದಾಯಿತ ಸಂಘವಿಲ್ಲ, ಹಿಂದಿನ ಪ್ರದರ್ಶನಗಳ ಫೋಟೊ ಇಲ್ಲ, ಲೆಕ್ಕಪರಿಶೋಧಕರ ಪತ್ರ ಇಲ್ಲ. ಈ ಕಾಗದಗಳನ್ನೇ ಅನುಭವವೆಂದು ಎಣಿಸುವ ಕಡೆ ಅವಳು ಬಾಗಿಲಲ್ಲೇ ಸೋತಳು. ಹೇಗೋ ಒಳಗೆ ಹೋದಳೆನ್ನಿ, ನಾಟಕ ಬಿತ್ತು ಅನ್ನಿ. ಮೇಲ್ಜಾತಿಯ ಹುಡುಗನ ನಾಟಕ ಬಿದ್ದರೆ ‘ಪ್ರಯೋಗ’ ಅನ್ನುತ್ತೇವೆ. ಇವಳದು ಬಿದ್ದರೆ ‘ಅರ್ಹತೆ ಇಲ್ಲ’. ಅವನ ಸೋಲು ಅವನೊಬ್ಬನದು, ಇವಳ ಸೋಲು ಇಡೀ ಕೇರಿಯದು. ಈ ಭಯ ಇರುವತನಕ ನಮ್ಮವರು ಗೆಲ್ಲುವುದನ್ನಷ್ಟೇ, ಅಂದರೆ ಈಗಾಗಲೇ ಒಪ್ಪಿತವಾದುದನ್ನಷ್ಟೇ ಬರೆಯುತ್ತಾರೆ. ನೋವಿನ ಕತೆಯೂ ಒಂದು ಸಿದ್ಧ ಮಾಲಾಗುತ್ತದೆ.

ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಡವೆ? ಬೇಕು, ನಮಗೇ ಹೆಚ್ಚು ಬೇಕು. 2013ರ ಪರಿಶಿಷ್ಟ ಜಾತಿ ಉಪಯೋಜನೆ ಕಾಯ್ದೆ ಬಂದದ್ದೇ ನಮ್ಮ ಪಾಲಿನ ಹಣ ಬೇರೆ ದಾರಿಗೆ ಹರಿಯಬಾರದೆಂದು. ಆದರೆ ರೊಕ್ಕ ಎಲ್ಲಿ ಹೋಯಿತೆಂದು ಕೇಳುವುದು ಲೆಕ್ಕ. ಕೃತಿ ಗೆದ್ದೇ ಗೆಲ್ಲುತ್ತದೆಂದು ಮೊದಲೇ ಮುಚ್ಚಳಿಕೆ ಬರೆಸಿಕೊಳ್ಳುವುದು ಜೀತ. ಸಣ್ಣ ಮೊತ್ತ, ಸಣ್ಣ ಅರ್ಜಿ, ಬಾಯಿಮಾತಿನಲ್ಲೂ ಅರ್ಜಿ ಹೇಳುವ ಅವಕಾಶ, ಆಯ್ಕೆ ಮಾಡುವಲ್ಲಿ ಕೇರಿಯ ಜನ, ಒಮ್ಮೆ ಸೋತವರಿಗೆ ಎರಡನೇ ಸಲ: ಇಷ್ಟು ಸಾಕು ಶುರುವಿಗೆ.

ಇಷ್ಟು ದಿನ ನಾವು ಪ್ರಶಸ್ತಿಯಲ್ಲಿ ಪಾಲು ಕೇಳಿದೆವು. ಇನ್ನು ಸೋಲಿನಲ್ಲಿ ಪಾಲು ಕೇಳಬೇಕಾಗಿದೆ.