ಬಸ್ಸಾರಿನ ರಾತ್ರಿ

ಮಂಡ್ಯ, ಹಾಸನದ ಕಡೆಯ ರಾತ್ರಿಯೂಟದಲ್ಲಿ ಬಸ್ಸಾರು-ಮುದ್ದೆಗೆ ಸಾಟಿಯಿಲ್ಲ. ಹೆಸರುಕಾಳು, ದಂಟಿನ ಸೊಪ್ಪು ಒಟ್ಟಿಗೆ ಬೇಯುತ್ತವೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯ. ಖಾರಕ್ಕೆ ಈರುಳ್ಳಿ, ಬೆಳ್ಳುಳ್ಳಿ ಸುಟ್ಟುಕೊಂಡು ಒಣಮೆಣಸಿನಕಾಯಿ, ಜೀರಿಗೆ, ಮೆಣಸು, ಕಾಯಿ, ಹುಣಸೆಹಣ್ಣಿನ ಜೊತೆ ರುಬ್ಬಬೇಕು. ಬೆಂದ ಕಾಳೂ ಒಂದು ಹಿಡಿ ಸೇರಿದರೆ ಸಾರು ಮಂದವಾಗುತ್ತದೆ. ಅಂಗಡಿಯ ಪುಡಿ ಹಾಕುವವರನ್ನು ನಾನಂತೂ ಕ್ಷಮಿಸುವುದಿಲ್ಲ.

ಅಷ್ಟರಲ್ಲಿ ಅತ್ತ ಎಸರಿಗೆ ರಾಗಿ ಹಿಟ್ಟು ಬಿದ್ದಿರುತ್ತದೆ. ಗಂಟಾಗದಂತೆ ಕೋಲಿನಲ್ಲಿ ತಿರುವುವುದು ತೋಳಿನ ಕೆಲಸ. ಮುದ್ದೆ ಆರಿದರೆ ಕೆಟ್ಟಿತು. ಹಾಗಾಗಿ ಕೂಗಿದ ಕೂಡಲೇ ಮನೆಯವರೆಲ್ಲ ಒಟ್ಟಿಗೇ ಕೂರಬೇಕು. ಫೋನು ಹಿಡಿಯಲು ಕೈಗೆ ಬಿಡುವಿಲ್ಲ. ‘ಅಗೀಬ್ಯಾಡ ಕಣ್ಲಾ, ನುಂಗು’ ಎಂದು ಅಜ್ಜಿ ಮೊಮ್ಮಗನನ್ನು ತಿದ್ದುತ್ತಿರುತ್ತಾಳೆ. ಮಾರನೆಯ ದಿನ ಕುದಿಸಿದರೆ ಸಾರು ಇನ್ನೂ ರುಚಿ, ಮಿಕ್ಕಿದ್ದರೆ!